ನಂಬುಗೆ ಮತ್ತು ಆನಂದ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಭಕ್ತಿ ಪರಂಪರೆ

ಕಷ್ಟದ ದಿನಗಳಲ್ಲಿ ದೇವರ ಮೇಲೆ ಭಾರ ಹಾಕಿ, ಆ ಹಗುರದಲ್ಲಿ ಸಂತೋಷ ಕಾಣುವ ಬಗೆ ಹಲವು ಧರ್ಮಗಳಲ್ಲಿ ಇದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಇದು ಆರು ನೂರು ವರ್ಷಗಳಿಂದ ಹರಿದುಬಂದ ಒಂದು ಸಜೀವ ಪರಂಪರೆ. ದತ್ತ ಸಂಪ್ರದಾಯ, ವೀರಶೈವ ಶರಣರ ವಚನ ಮತ್ತು ದಾಸೋಹ, ತತ್ವಪದಕಾರರ ಹಾಡು, ಸೂಫಿಗಳ ದರ್ಗಾ, ಗ್ರಾಮದೇವತೆಯ ಜಾತ್ರೆ, ರೈತರ ಹಬ್ಬ ಇವೆಲ್ಲವೂ ಇಲ್ಲಿ ಒಂದಕ್ಕೊಂದು ಹೊಂದಿಕೊಂಡು ಬೆಳೆದಿವೆ. ಇವುಗಳ ಆಚಾರ ಬೇರೆ, ದೇವರ ಹೆಸರು ಬೇರೆ. ಆದರೂ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಲಕ್ಷಣ ಎದ್ದು ಕಾಣುತ್ತದೆ: ಈ ಸೀಮೆಯಲ್ಲಿ ನಂಬುಗೆ ಎಂದರೆ ಕೈಕಟ್ಟಿ ಕಾಯುವುದಲ್ಲ, ಕೈಬಿಚ್ಚಿ ಕೊಡುವುದು. ಬೆಳೆ ಮನೆಗೆ ಬರುವ ಮೊದಲೇ ಹಂಚುವವನಿಗೆ ನಾಳೆಯ ಭಯ ಕಡಿಮೆಯಾಗುತ್ತದೆ. ಭಯ ಇಳಿದ ಜಾಗದಲ್ಲಿ ಆನಂದ ಬಂದು ಕೂರುತ್ತದೆ.

ನೆಲ ಮತ್ತು ಬದುಕು

ಮೂರೂ ತಾಲ್ಲೂಕುಗಳು ದಖ್ಖನ್ ಪ್ರಸ್ಥಭೂಮಿಯ ಕರಿಮಣ್ಣಿನ ಸೀಮೆಗೆ ಸೇರಿವೆ. ಆಳಂದ ಮತ್ತು ಅಫಜಲಪುರಗಳು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ತಾಗಿಕೊಂಡಿವೆ. ಜೇವರ್ಗಿ ಕಲಬುರಗಿಯ ದಕ್ಷಿಣಕ್ಕಿದೆ. ಹಳೆಯ ಜೇವರ್ಗಿ ತಾಲ್ಲೂಕಿನ ಒಂದು ಭಾಗ ಈಗ ಯಡ್ರಾಮಿ ತಾಲ್ಲೂಕಾಗಿದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಪಂಢರಪುರವನ್ನು ದಾಟಿ ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಹರಿದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ಎಂಬ ಚಿಕ್ಕ ಹೊಳೆ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ.

ತೊಗರಿ ಮತ್ತು ಜೋಳ ಇಲ್ಲಿಯ ಜೀವಾಳ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹೆಸರು ದೊಡ್ಡದಾದರೂ ರೈತನ ಪಾಡು ಮಳೆಯ ಕೈಯಲ್ಲಿದೆ. ಮಳೆ ಹಿಂದೆಗೆದರೆ ಕರಿಮಣ್ಣು ಬಾಯಿಬಿಟ್ಟು ಬಿರಿಯುತ್ತದೆ, ಹೆಚ್ಚಾದರೆ ಬೇರು ಕೊಳೆಯುತ್ತದೆ. ಹೂವಾಡುವ ಹೊತ್ತಿಗೆ ನೆಟೆರೋಗ ತಗುಲಿದರೆ ನಿಂತ ತೊಗರಿ ನಿಂತಲ್ಲಿಯೇ ಒಣಗುತ್ತದೆ. 1876–78ರ ಮಹಾಕ್ಷಾಮ ಮತ್ತು 1972ರ ಬರ ದಖ್ಖನ್‌ನ ಜನಮನದಲ್ಲಿ ಇನ್ನೂ ಅಳಿಯದ ನೆನಪುಗಳು. ಅದೇ ಭೀಮೆ ಅಕ್ಟೋಬರ್ 2020ರಲ್ಲಿ ಉಕ್ಕಿ ದಂಡೆಯ ಊರುಗಳನ್ನೂ ಹೊಲಗಳನ್ನೂ ಮುಳುಗಿಸಿದಳು. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಪ್ರದೇಶ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಿಂದುಳಿದ ಪ್ರದೇಶವೆಂದು ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಪಡೆಯಿತು. 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರಾಯಿತು. ಬಿತ್ತನೆಗೆ ಸಾಲ, ಸುಗ್ಗಿಗೆ ಬಡ್ಡಿ, ನಡುವೆ ಮುಂಬೈ, ಪುಣೆ, ಬೆಂಗಳೂರಿನ ಕಡೆಗೆ ದುಡಿಯಲು ಗುಳೆ. ಇಲ್ಲಿಯ ಭಕ್ತಿ ಇಂಥ ಬದುಕಿನೊಳಗೇ ಹುಟ್ಟಿತು, ಬದುಕಿನಿಂದ ದೂರ ಕುಳಿತವರ ಚಿಂತನೆಯಾಗಿ ಅಲ್ಲ.

ಪರಿಭಾಷೆ

‘ದೇವರ ಮ್ಯಾಲ ಭಾರ ಹಾಕು’ ಎಂಬುದು ಈ ಭಾಗದ ದಿನಬಳಕೆಯ ಮಾತು. ಹೊತ್ತವನಿಗೇ ಭಾರದ ತೂಕ ಗೊತ್ತು. ಅದನ್ನು ಇಳಿಸಿದ ಮೇಲೂ ನಡೆಯಬೇಕಾದ ದಾರಿ ಇರುತ್ತದೆ, ಆದರೆ ಹೆಗಲು ಹಗುರವಾಗಿರುತ್ತದೆ. ಬಿತ್ತುವ ರೈತ ಈ ಮಾತು ಹೇಳಿ ಕೂರಿಗೆ ಹಿಡಿಯುತ್ತಾನೆ, ಹಿಡಿಯುವುದನ್ನು ಬಿಡುವುದಿಲ್ಲ.

ವೀರಶೈವ ಷಟ್‌ಸ್ಥಲ ಸಿದ್ಧಾಂತದಲ್ಲಿ ನಂಬುಗೆಯಿಂದ ಆನಂದದವರೆಗಿನ ದಾರಿಗೆ ಮೆಟ್ಟಿಲುಗಳಿವೆ. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ, ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿ, ಪ್ರಾಣಲಿಂಗಿಸ್ಥಲಕ್ಕೆ ಅನುಭಾವಭಕ್ತಿ, ಶರಣಸ್ಥಲಕ್ಕೆ ಆನಂದಭಕ್ತಿ, ಐಕ್ಯಸ್ಥಲಕ್ಕೆ ಸಮರಸಭಕ್ತಿ. ಈ ಕ್ರಮದಲ್ಲಿ ಆನಂದ ಐದನೆಯದು. ಶ್ರದ್ಧೆ ಮೊದಲ ಹೆಜ್ಜೆ, ಕಷ್ಟದಲ್ಲಿಯೂ ಕದಲದ ನಿಷ್ಠೆ ಎರಡನೆಯದು. ಬಂದದ್ದೆಲ್ಲವನ್ನೂ ಪ್ರಸಾದವೆಂದು ಎಚ್ಚರದಿಂದ ಸ್ವೀಕರಿಸುವುದು ಮೂರನೆಯದು. ಇವನ್ನು ಹತ್ತಿದವನಿಗೆ ಆನಂದ ಕೇಳದೆಯೇ ಒದಗುತ್ತದೆ.

ಸೂಫಿಗಳ ಪರಿಭಾಷೆಯಲ್ಲಿ ಹೀಗೆ ದೇವರ ಮೇಲೆ ಭಾರ ಹಾಕುವುದಕ್ಕೆ ತವಕ್ಕುಲ್ ಎಂದು ಹೆಸರು. ನಮಗೆ ಪರಿಚಿತವಾದ ‘ವಕೀಲ’, ‘ವಕಾಲತ್ತು’ ಪದಗಳ ಅರಬ್ಬಿ ಧಾತುವೇ ಇದಕ್ಕೂ ಮೂಲ. ತನ್ನ ವ್ಯಾಜ್ಯವನ್ನು ದೇವರಿಗೆ ವಹಿಸಿಕೊಟ್ಟವನು ಪ್ರತಿ ರಾತ್ರಿ ಅದನ್ನೇ ಮತ್ತೆ ವಾದಿಸಬೇಕಾಗಿಲ್ಲ. ತವಕ್ಕುಲ್‌ನ ಜೊತೆಗೆ ಸಬ್ರ್ (ತಾಳ್ಮೆ) ಮತ್ತು ಶುಕ್ರ್ (ಕೃತಜ್ಞತೆ) ಎಂಬ ಎರಡು ಗುಣಗಳನ್ನೂ ಸೂಫಿಗಳು ಹೇಳುತ್ತಾರೆ.

ಗಾಣಗಾಪುರ: ಕೊಯ್ದ ಹೊಲ, ಚಿಗುರಿದ ಕಟ್ಟಿಗೆ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ದಕ್ಷಿಣ ಭಾರತದ ಪ್ರಮುಖ ದತ್ತಾತ್ರೇಯ ಕ್ಷೇತ್ರಗಳಲ್ಲೊಂದು. ದತ್ತಾವತಾರವೆಂದು ಪೂಜಿತರಾದ ನೃಸಿಂಹ ಸರಸ್ವತಿ ಸ್ವಾಮಿಗಳು (ಸಾಂಪ್ರದಾಯಿಕ ಕಾಲ 1378–1459) ಇಂದಿನ ಮಹಾರಾಷ್ಟ್ರದ ಕಾರಂಜಾದಲ್ಲಿ ಹುಟ್ಟಿದರು. ಕೃಷ್ಣಾತೀರದ ನರಸೋಬವಾಡಿಯಲ್ಲಿ ಕೆಲಕಾಲವಿದ್ದು ನಂತರ ಗಾಣಗಾಪುರಕ್ಕೆ ಬಂದು ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿದರು. ಊರೊಳಗಿನ ಮಠದಲ್ಲಿ ನಿರ್ಗುಣ ಪಾದುಕೆಗಳಿವೆ. ಭೀಮಾ–ಅಮರ್ಜಾ ಸಂಗಮದಲ್ಲಿ ಔದುಂಬರ (ಅತ್ತಿ) ವೃಕ್ಷವಿದೆ.

ಅವರ ಚರಿತ್ರೆಯಾದ ‘ಗುರುಚರಿತ್ರೆ’ ಮರಾಠಿ ಓವಿ ಛಂದಸ್ಸಿನಲ್ಲಿದೆ. ಕರ್ತೃ ಸರಸ್ವತಿ ಗಂಗಾಧರರ ಮನೆತನ ಆಳಂದ ತಾಲ್ಲೂಕಿನ ಕಡಗಂಚಿಯದು. ಕನ್ನಡ ನೆಲದ ಮನೆತನದವರು ಮರಾಠಿಯಲ್ಲಿ ಬರೆದ ಈ ಗ್ರಂಥವನ್ನು ಎರಡೂ ಭಾಷೆಯ ಮನೆಗಳಲ್ಲಿ ಸಪ್ತಾಹವಾಗಿ ಪಾರಾಯಣ ಮಾಡುತ್ತಾರೆ. ಅದೇ ಕಡಗಂಚಿಯಲ್ಲಿ ಈಗ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

ಗುರುಚರಿತ್ರೆಯ ಹಲವು ಪ್ರಸಂಗಗಳಲ್ಲಿ ರೈತರ ಮನಸ್ಸಿಗೆ ಅತಿ ಹತ್ತಿರವಾದದ್ದು ಪರ್ವತೇಶ್ವರನೆಂಬ ಒಕ್ಕಲಿಗನ ಕಥೆ. ಗುರುಗಳು ದಿನವೂ ಸಂಗಮಕ್ಕೆ ಹೋಗುವ ದಾರಿಯಲ್ಲಿ ಅವನ ಹೊಲ. ಎದುರಾದಾಗಲೆಲ್ಲ ಓಡಿಬಂದು ನಮಸ್ಕರಿಸುತ್ತಿದ್ದ. ಒಂದು ದಿನ ತನ್ನ ಜೋಳದ ಹೊಲವನ್ನು ತೋರಿಸಿ ಹರಸಬೇಕೆಂದು ಕೇಳಿಕೊಂಡ. ತಾವು ಸಂಗಮದಿಂದ ಹಿಂದಿರುಗುವುದರೊಳಗೆ ನಿಂತ ಬೆಳೆಯನ್ನೆಲ್ಲ ಕೊಯ್ದುಹಾಕು ಎಂದರು ಗುರುಗಳು. ಕಾಳು ಇನ್ನೂ ಬಲಿತಿರಲಿಲ್ಲ. ಹೆಂಡತಿ ಮಕ್ಕಳು ಅತ್ತು ತಡೆದರು, ಊರಿನ ಅಧಿಕಾರಿ ಕಂದಾಯದ ಚಿಂತೆಯಿಂದ ಬೇಡವೆಂದ. ಅವನು ಕಂದಾಯಕ್ಕೆ ಹೊಣೆ ಬರೆದುಕೊಟ್ಟು ಬೆಳೆಯನ್ನು ಬುಡದ ಗೇಣುದ್ದ ಬಿಟ್ಟು ಕೊಯ್ದ. ಕೆಲವು ದಿನಗಳಲ್ಲಿ ಕೊರೆಯುವ ಗಾಳಿ, ಅಕಾಲದ ಮಳೆ ಬಂದು ಸುತ್ತಲ ಹೊಲಗಳೆಲ್ಲ ಹಾಳಾದವು. ಅವನ ಕೂಳೆ ಮಾತ್ರ ಹೊಸ ಚಿಗುರೊಡೆದು, ಒಂದೊಂದು ಬುಡಕ್ಕೆ ಹಲವು ತೆನೆ ಬಿಟ್ಟು ಹಿಂದೆಂದೂ ಕಾಣದ ಫಸಲು ಕೊಟ್ಟಿತು. ತುಂಬಿದ ರಾಶಿಯಿಂದ ಅವನು ಮತ್ತೆ ಊರಿನವರಿಗೆ ಕೊಟ್ಟ ಎಂಬಲ್ಲಿ ಕಥೆ ಪೂರ್ಣವಾಗುತ್ತದೆ.

ಇನ್ನೊಂದು ಪ್ರಸಂಗ ಕುಷ್ಠರೋಗದಿಂದ ನೊಂದ ನರಹರಿಯದು. ಒಣಗಿದ ಔದುಂಬರದ ಕಟ್ಟಿಗೆಯೊಂದನ್ನು ಸಂಗಮದಲ್ಲಿ ನೆಟ್ಟು ನೀರೆರೆಯಲು ಗುರುಗಳು ಅವನಿಗೆ ಹೇಳುತ್ತಾರೆ. ನೋಡಿದವರು ನಗುತ್ತಾರೆ. ಅವನು ನೀರೆರೆಯುವುದನ್ನು ಬಿಡುವುದಿಲ್ಲ. ಕಟ್ಟಿಗೆ ಚಿಗುರುತ್ತದೆ, ಅವನ ಮೈ ಗುಣವಾಗುತ್ತದೆ. ಬೀದರಿನ ಸುಲ್ತಾನನೊಬ್ಬನ ಹುಣ್ಣು ವಾಸಿಯಾದ ಕಥೆಯೂ ಇದೇ ಗ್ರಂಥದಲ್ಲಿದೆ. ಒಕ್ಕಲಿಗ, ರೋಗಿ, ಸುಲ್ತಾನ ಮೂವರೂ ಗುರುವಿನ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಈ ಪವಾಡಗಳನ್ನು ಅಕ್ಷರಶಃ ನಂಬುವವರೂ ಉಂಟು, ರೂಪಕವೆಂದು ಓದುವವರೂ ಉಂಟು. ಹೇಗೆ ಓದಿದರೂ ಕಣ್ಣಿಗೆ ಬೀಳುವ ಸಂಗತಿ ಒಂದೇ: ಫಲ ಕಾಣುವ ಮೊದಲೇ ಒಕ್ಕಲಿಗನೂ ರೋಗಿಯೂ ಕೆಲಸ ಮಾಡಿದ್ದರು. ಒಬ್ಬ ಕೊಯ್ದ, ಇನ್ನೊಬ್ಬ ನೀರೆರೆದ.

ಗಾಣಗಾಪುರದ ಮಧುಕರಿ ಭಿಕ್ಷೆ ಈ ತತ್ವವನ್ನು ಆಚರಣೆಯಾಗಿಸಿದೆ. ದತ್ತಾತ್ರೇಯ ಮಧ್ಯಾಹ್ನದ ಹೊತ್ತಿಗೆ ಈ ಊರಿನಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಯಾತ್ರಿಕರು ಜೋಳಿಗೆ ಹಿಡಿದು ಕನಿಷ್ಠ ಐದು ಮನೆಗಳಲ್ಲಿ ಬೇಡುತ್ತಾರೆ. ಭಿಕ್ಷೆ ನೀಡಲೆಂದೇ ಬರುವವರೂ ಇದ್ದಾರೆ. ಬೇಡುವವರಲ್ಲಿ ಯಾವ ರೂಪದಲ್ಲಿ ದತ್ತನಿದ್ದಾನೋ ತಿಳಿಯದಾದ್ದರಿಂದ ಯಾರನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲ. ಊರಲ್ಲಿ ಹತ್ತು ಜನಕ್ಕೆ ಕೆಲಸ ಕೊಡುವ ಯಜಮಾನನೂ ಇಲ್ಲಿ ಒಂದು ತುಂಡು ರೊಟ್ಟಿಗೆ ಕೈಯೊಡ್ಡುತ್ತಾನೆ. ಕೊಡುವುದರಷ್ಟೇ ಪಡೆಯುವುದಕ್ಕೂ ನಂಬುಗೆ ಬೇಕು ಎಂಬುದು ಆ ಮಧ್ಯಾಹ್ನದ ಪಾಠ.

ಜೇವರ್ಗಿ: ಷಣ್ಮುಖಸ್ವಾಮಿ ಮತ್ತು ವಚನ ಪರಂಪರೆ

ಜೇವರ್ಗಿಯ ಷಣ್ಮುಖಸ್ವಾಮಿಗಳು (1639–1711) ಬಸವೋತ್ತರ ಯುಗದ ಪ್ರಮುಖ ವಚನಕಾರರು. ‘ಅಖಂಡೇಶ್ವರ’ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದರು. ಅಖಂಡೇಶ್ವರ ಅವರ ಗುರುವಿನ ಹೆಸರೂ ಹೌದು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಿಗೂ ಇವರಿಗೂ ನಡುವೆ ಐದು ಶತಮಾನಗಳ ಅಂತರವಿದೆ. ಅಷ್ಟು ದೂರದಿಂದ ಹಿಂದಿನ ಶರಣರನ್ನು ನೆನೆದು ಅವರ ದಾರಿಯನ್ನು ತಮ್ಮ ಕಾಲದ ಕನ್ನಡದಲ್ಲಿ ಮತ್ತೆ ತೆರೆದಿಟ್ಟದ್ದು ಇವರ ಹಿರಿಮೆ. ಷಟ್‌ಸ್ಥಲ, ಗುರುಕೃಪೆ, ಇಷ್ಟಲಿಂಗನಿಷ್ಠೆ, ಶರಣಸ್ತುತಿ ಇವರ ವಚನಗಳ ಮುಖ್ಯ ವಸ್ತು.

ಷಣ್ಮುಖಸ್ವಾಮಿಗಳ ಬಾಳಿನ ಉತ್ತರಾರ್ಧ ದಖ್ಖನ್‌ಗೆ ಬಹಳ ಕೆಟ್ಟ ಕಾಲ. 1686ರಲ್ಲಿ ವಿಜಯಪುರದ ಆದಿಲಶಾಹಿ ಔರಂಗಜೇಬನ ಸೇನೆಗೆ ಶರಣಾಯಿತು. ಮೊಘಲ ಮತ್ತು ಮರಾಠಾ ದಂಡುಗಳು ದಶಕಗಳ ಕಾಲ ಈ ಬಯಲಿನಲ್ಲಿ ಹಾದುಹೋದವು. ದಂಡು ಹಾಯ್ದ ಹಾದಿಯಲ್ಲಿ ಬೆಳೆ ಉಳಿಯುವುದು ಅಪರೂಪ. ಅಂಥ ಕಾಲದಲ್ಲಿ ಜೇವರ್ಗಿಯ ಮಠದಿಂದ ಬಂದ ವಚನಗಳು ಆನಂದವನ್ನು ಹೊರಗಿನ ಸ್ಥಿತಿಗೆ ಕಟ್ಟದೆ ಒಳಗಿನ ನಿಷ್ಠೆಗೆ ಕಟ್ಟಿದವು.

ಅರಳಗುಂಡಗಿಯ ಶರಣಬಸವೇಶ್ವರರು: ಹಕ್ಕಿಗೆ ಬಿಟ್ಟ ಹೊಲ

ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿ ಶರಣಬಸವೇಶ್ವರರ (1746–1822) ಹುಟ್ಟೂರು. ರೈತ ಮನೆತನದಲ್ಲಿ ಹುಟ್ಟಿ ಗೃಹಸ್ಥರಾಗಿಯೇ ಇದ್ದು, ದಾಸೋಹವನ್ನು ಬಾಳಿನ ವ್ರತವಾಗಿ ಹಿಡಿದರು. ಆದ್ದರಿಂದಲೇ ಜನ ಅವರನ್ನು ಮಹಾದಾಸೋಹಿ ಎಂದು ಕರೆದರು. ಮುಂದೆ ಕಲಬುರಗಿಗೆ ಬಂದು ನೆಲೆಸಿ ಅಲ್ಲಿಯೇ ಲಿಂಗೈಕ್ಯರಾದರು.

ಅವರ ಬಗ್ಗೆ ಮನೆಮನೆಯಲ್ಲಿ ಹೇಳುವ ಕಥೆ ಹೊಲ ಕಾಯುವುದಕ್ಕೆ ಸಂಬಂಧಿಸಿದ್ದು. ಜೋಳ ಹಾಲುಗಾಳಾದಾಗ ಹಕ್ಕಿಗಳ ಹಿಂಡು ಬೀಳುತ್ತದೆ. ಅಟ್ಟದ ಮೇಲೆ ನಿಂತು ಕವಣೆ ಬೀಸಿ ಓಡಿಸುವುದು ಕಾವಲುಗಾರನ ಕೆಲಸ. ಶರಣಬಸವರು ಕವಣೆ ಬೀಸಲಿಲ್ಲ. ಹಕ್ಕಿಗಳನ್ನು ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರು. ಮನೆಯವರು, ಊರವರು ಸಿಟ್ಟಾದರು. ರಾಶಿ ಮಾಡಿದಾಗ ಆ ಹೊಲವೇ ಹೆಚ್ಚು ಹುಲುಸು ಕೊಟ್ಟಿತೆಂದು ಕಥೆ ಹೇಳುತ್ತದೆ. ಗಾಣಗಾಪುರದ ಒಕ್ಕಲಿಗನ ಕಥೆಗೂ ಇದಕ್ಕೂ ಮೂರು ಶತಮಾನಗಳ ಅಂತರವಿದೆ, ಸಂಪ್ರದಾಯವೂ ಬೇರೆ. ಆದರೂ ಒಂದೇ ಕರಿಮಣ್ಣು, ಒಂದೇ ಜೋಳ, ಒಂದೇ ಧೈರ್ಯ. ಇದು ಈ ನೆಲದ ಕಲ್ಪನೆಯ ಮೂಲ ಬೀಜವೆಂದು ಭಾವಿಸಲು ಕಾರಣವಿದೆ.

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದಲ್ಲಿ ಹೋಳಿ ಹುಣ್ಣಿಮೆಯಾದ ಐದನೆಯ ದಿನ ರಥೋತ್ಸವ ನಡೆಯುತ್ತದೆ. ಸಂಸ್ಥಾನದ ಪೀಠಾಧಿಪತಿಗಳು ಪರುಷ ಬಟ್ಟಲನ್ನು ಎತ್ತಿ ಹಿಡಿದಾಗ ಮೂರೂ ತಾಲ್ಲೂಕುಗಳಿಂದ ಬಂದ ಜನ ಖಾರೀಕು, ಬಾಳೆಹಣ್ಣು ಎಸೆದು ಕೈಮುಗಿಯುತ್ತಾರೆ. ಶರಣರು ದಾಸೋಹಕ್ಕೆ ಬಳಸುತ್ತಿದ್ದ ಬಟ್ಟಲು ಅದು ಎಂಬುದು ಭಕ್ತರ ನಂಬಿಕೆ. ಜನ ನಮಸ್ಕರಿಸುವುದು ಕಿರೀಟಕ್ಕಲ್ಲ, ಖಡ್ಗಕ್ಕಲ್ಲ, ಅನ್ನ ಬಡಿಸಿದ ಬಟ್ಟಲಿಗೆ. ಇಪ್ಪತ್ತನೆಯ ಶತಮಾನದಲ್ಲಿ ಸಂಸ್ಥಾನ ಶಿಕ್ಷಣಕ್ಕೆ ಕೈಹಾಕಿ ಶಾಲೆ ಕಾಲೇಜುಗಳನ್ನು ಕಟ್ಟಿತು. ಅನ್ನದ ದಾಸೋಹ ಅಕ್ಷರಕ್ಕೂ ಹಬ್ಬಿತು.

ಕಡಕೋಳ ಮಡಿವಾಳಪ್ಪ ಮತ್ತು ತತ್ವಪದ

ಅಫಜಲಪುರ ತಾಲ್ಲೂಕಿನ ಬಿದನೂರಿನಿಂದ ಬಂದು, ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರು ಕಲ್ಯಾಣ ಕರ್ನಾಟಕದ ತತ್ವಪದ ಪರಂಪರೆಯ ಮೂಲಪುರುಷರಲ್ಲಿ ಒಬ್ಬರು. ಗುರು ಮಹಾಂತನನ್ನು ಅಂಕಿತದಲ್ಲಿ ಸ್ಮರಿಸಿ ಹಾಡಿದರು. ‘ನಿಜಲೀಲಾಮೃತ’ ಅವರ ಕೃತಿ. ಅವರ ಶಿಷ್ಯಬಳಗದಲ್ಲಿ ಹಲವು ಜಾತಿಗಳವರಿದ್ದರು. ಮುಸ್ಲಿಂ ಶಿಷ್ಯ ಚೆನ್ನೂರಿನ ಜಲಾಲಸಾಹೇಬರು ತಾವೂ ತತ್ವಪದಕಾರರಾಗಿ ಹೆಸರಾದರು.

ಮಡಿವಾಳಪ್ಪನವರ ದಾರಿ ಸುಲಭದ ಸಮಾಧಾನದ್ದಲ್ಲ. ಬರಿಯ ಆಚರಣೆ, ಮಡಿಮೈಲಿಗೆ, ಮಠದ ಡಂಭ ಇವನ್ನು ನೇರ ಮಾತಿನಲ್ಲಿ ಖಂಡಿಸಿದರು. ಹೊರಗಿನ ಆಸರೆಗಳನ್ನೆಲ್ಲ ಒಂದೊಂದಾಗಿ ಸರಿಸಿದ ಮೇಲೆ ಉಳಿಯುವ ಗುರುವಿನ ಅರಿವೇ ನಂಬಲು ತಕ್ಕದ್ದೆಂಬುದು ಅವರ ನಿಲುವು. ಸಾವು, ದೇಹದ ನಶ್ವರತೆ, ಸಂಸಾರದ ಜಂಜಡ ಇವೇ ತತ್ವಪದಗಳ ವಸ್ತು. ಆದರೂ ಆ ಪದಗಳನ್ನು ಕೇಳಿ ಎದ್ದವರ ಮುಖದಲ್ಲಿ ದುಗುಡ ಇರುವುದಿಲ್ಲ. ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಅಮಾವಾಸ್ಯೆಯ ರಾತ್ರಿ ಆರಂಭವಾದ ಭಜನೆ ಬೆಳಗಿನವರೆಗೆ ಸಾಗುತ್ತದೆ. ಹಗಲೆಲ್ಲ ಕೂಲಿ ಮಾಡಿ ದಣಿದವರೂ ಬಂದು ಕೂರುತ್ತಾರೆ. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಹತ್ತು ಜನ ಹಿಡಿದು ಹಾಡುವಾಗ ಒಬ್ಬನ ದುಃಖ ಹತ್ತು ಜನರ ಕೊರಳಿಗೆ ಹಂಚಿಹೋಗುತ್ತದೆ. ಇಲ್ಲಿ ಹಂಚುವುದು ಜೋಳವನ್ನಲ್ಲ, ನೋವನ್ನು. ತತ್ವಪದದ ಆನಂದದ ಗುಟ್ಟು ಇರುವುದು ಅಲ್ಲಿಯೇ.

ಆಳಂದ: ದರ್ಗಾ ಮತ್ತು ಸಮಾಧಿ

ಆಳಂದ ಪಟ್ಟಣ ಸೂಫಿ ಸಂತ ಶೇಖ್ ಅಲಾವುದ್ದೀನ್ ಅನ್ಸಾರಿ ಅವರ ದರ್ಗಾದಿಂದ ಪ್ರಸಿದ್ಧ. ಜನ ಅವರನ್ನು ಪ್ರೀತಿಯಿಂದ ಲಾಡ್ಲೆ ಮಶಾಕ್ ಎನ್ನುತ್ತಾರೆ. ಕಲಬುರಗಿಯಲ್ಲಿ ಚಿಷ್ತಿ ಪಂಥದ ಖ್ವಾಜಾ ಬಂದೇನವಾಜರ (1321–1422) ದರ್ಗಾ ಇದೆ. ಈ ದರ್ಗಾಗಳ ಉರುಸಿಗೆ ಹಿಂದೂ ಮುಸ್ಲಿಂ ಎನ್ನದೆ ಸುತ್ತಲ ಹಳ್ಳಿಗಳ ಜನ ಬರುತ್ತಾರೆ. ಬಂದ ಕಾಣಿಕೆಯನ್ನು ನಾಳೆಗೆಂದು ಕೂಡಿಡದೆ ಅಂದೇ ಹಂಚಿಬಿಡುವುದು ಚಿಷ್ತಿ ಖಾನಕಾಗಳ (ಸೂಫಿ ಆಶ್ರಮಗಳ) ಹಳೆಯ ಆದರ್ಶ. ಅದು ತವಕ್ಕುಲ್‌ನ ಕಾರ್ಯರೂಪ. ಶರಣರ ದಾಸೋಹಕ್ಕೂ ಸೂಫಿಗಳ ಅನ್ನಛತ್ರವಾದ ಲಂಗರಿಗೂ ತಾತ್ವಿಕ ನೆಲೆಗಟ್ಟು ಬೇರೆ, ಒಲೆಯ ಬೆಂಕಿ ಒಂದೇ.

ಸಂತ ತುಕಾರಾಮರ ಗುರುಪರಂಪರೆಯ ರಾಘವ ಚೈತನ್ಯರ ಸಮಾಧಿಸ್ಥಳವೂ ಆಳಂದವೇ. ರಾಘವ ಚೈತನ್ಯ, ಕೇಶವ ಚೈತನ್ಯ, ಬಾಬಾಜಿ ಚೈತನ್ಯ ಎಂಬುದು ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿಗಳು ಸ್ಮರಿಸುವ ಕ್ರಮ. ತುಕಾರಾಮರ ಬಾಳು ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. 1630ರಲ್ಲಿ ಆರಂಭವಾದ ದಖ್ಖನ್ ಕ್ಷಾಮದ ಕಾಲದಲ್ಲಿ ಅವರು ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡರು, ವ್ಯಾಪಾರ ಮುಳುಗಿತು. ತಮ್ಮ ಮನೆತನಕ್ಕೆ ಇತರರು ಕೊಡಬೇಕಾಗಿದ್ದ ಸಾಲದ ಪತ್ರಗಳನ್ನು ಅವರು ಇಂದ್ರಾಯಣಿಯಲ್ಲಿ ಮುಳುಗಿಸಿದರೆಂದು ಸಂಪ್ರದಾಯ ಹೇಳುತ್ತದೆ. ಎಲ್ಲ ಕಳೆದುಕೊಂಡ ಹೊತ್ತಿನಲ್ಲಿ ಬರಬೇಕಾದ್ದನ್ನೂ ಬಿಟ್ಟುಕೊಟ್ಟ ಆ ಕೈಯೇ ಮುಂದೆ ಸಾವಿರಾರು ಅಭಂಗಗಳನ್ನು ಬರೆಯಿತು. ಇಂದ್ರಾಯಣಿ ಭೀಮೆಯ ಉಪನದಿ. ಅದರ ನೀರು ಪಂಢರಪುರವನ್ನು ದಾಟಿ ಗಾಣಗಾಪುರದ ಮುಂದೆಯೇ ಹಾಯುತ್ತದೆ. ಈ ಭಾಗದ ವಾರಕರಿಗಳು ಇಂದಿಗೂ ಆಷಾಢದಲ್ಲಿ ದಿಂಡಿ ಕಟ್ಟಿಕೊಂಡು ಪಂಢರಪುರಕ್ಕೆ ನಡೆದು ಹೋಗುತ್ತಾರೆ.

ಸಮಾಧಿಯ ಶಿವಲಿಂಗ ದರ್ಗಾ ಆವರಣದಲ್ಲಿರುವುದರಿಂದ ಇತ್ತೀಚಿನ ವರ್ಷಗಳಲ್ಲಿ ಪೂಜೆಯ ವಿಷಯ ನ್ಯಾಯಾಲಯದ ಮೆಟ್ಟಿಲೇರಿದೆ. ಒಂದೇ ಅಂಗಳದಲ್ಲಿ ಎರಡು ಪರಂಪರೆಗಳು ಇಷ್ಟು ಕಾಲ ಬಾಳಿದ್ದು ಆಳಂದದ ಆಸ್ತಿ. ಅದನ್ನು ಕಾಪಾಡಿಕೊಳ್ಳುವುದು ಎರಡೂ ಕಡೆಯ ಭಕ್ತರ ಹೊಣೆ.

ಮೊಹರಂ ಈ ಸೀಮೆಯ ಹಳ್ಳಿಗಳಲ್ಲಿ ಎಲ್ಲರ ಹಬ್ಬ. ಮುಸ್ಲಿಂ ಮನೆಗಳೇ ಇಲ್ಲದ ಊರುಗಳಲ್ಲಿಯೂ ಅಲಾವಿ ದೇವರು ಕೂರುತ್ತವೆ. ಕ್ರಿ.ಶ. 680ರ ಕರ್ಬಲಾದ ದುರಂತವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡಿ, ಅಲಾವಿ ಕುಣಿಯ (ಬೆಂಕಿಯ ಗುಂಡಿಯ) ಸುತ್ತ ಹೆಜ್ಜೆ ಹಾಕುತ್ತಾರೆ. ಶೋಕವನ್ನು ಶೋಕವಾಗಿಯೇ ಇಟ್ಟು ಅದರ ಸುತ್ತ ಊರನ್ನು ಕೂಡಿಸುವ ಈ ಬಗೆ ತತ್ವಪದದ ಬಗೆಗೆ ಹತ್ತಿರವಾದದ್ದು.

ಘತ್ತರಗಿ ಭಾಗ್ಯವಂತಿ ಮತ್ತು ಬೀಸುವ ಪದ

ಅಫಜಲಪುರ ತಾಲ್ಲೂಕಿನ ಘತ್ತರಗಿಯಲ್ಲಿ ಭೀಮಾ ದಂಡೆಯ ಮೇಲೆ ಭಾಗ್ಯವಂತಿ ದೇವಿಯ ಗುಡಿಯಿದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಂದ ಭಕ್ತರು ಸೇರುತ್ತಾರೆ. ಮಗುವಿಗೆ ಜ್ವರ, ಮಗಳ ಮದುವೆ, ಎತ್ತಿನ ಕಾಲುನೋವು, ಎಲ್ಲವನ್ನೂ ತಾಯಿಯ ಮುಂದೆ ಹೇಳಿಕೊಳ್ಳುತ್ತಾರೆ. ಕೇಳುವವಳೊಬ್ಬಳಿದ್ದಾಳೆ ಎಂಬುದೇ ಅರ್ಧ ಪರಿಹಾರ. ಭಾಗ್ಯ ಕಡಿಮೆಯಿದ್ದ ಸೀಮೆ ತನ್ನ ದೇವಿಗೆ ಭಾಗ್ಯವಂತಿ ಎಂದು ಹೆಸರಿಟ್ಟು ಕರೆಯಿತು. ಆ ಕರೆಯಲ್ಲಿಯೇ ಒಂದು ನಂಬುಗೆಯಿದೆ.

ಹೆಂಗಸರ ಭಕ್ತಿಗೆ ಗುಡಿಗಿಂತ ಹತ್ತಿರದ ಜಾಗ ಬೀಸುಕಲ್ಲು. ಬೆಳಗಿನ ಜಾವ ಜೋಳ ಬೀಸುತ್ತ ತವರು, ಗಂಡನ ಮನೆ, ಹಸಿವು, ಮಗುವಿನ ಸಾವು, ದೇವರ ಕರುಣೆ ಎಲ್ಲವನ್ನೂ ತ್ರಿಪದಿಯಲ್ಲಿ ಹಾಡಿದರು. ಅಫಜಲಪುರದಂತೆಯೇ ಭೀಮಾ ಸೀಮೆಗೆ ಸೇರಿದ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಬರೆದವರ ಹೆಸರಿಲ್ಲದ ಈ ಹಾಡುಗಳು ಕನ್ನಡ ಭಕ್ತಿಸಾಹಿತ್ಯದಲ್ಲಿ ವಚನ, ಕೀರ್ತನೆಗಳ ಪಕ್ಕದಲ್ಲಿ ನಿಲ್ಲಲು ಅರ್ಹ.

ಹೊಲದ ಆಚರಣೆಗಳು: ಎಳ್ಳಮಾವಾಸ್ಯೆ ಮತ್ತು ರಾಶಿ

ಗ್ರಂಥ ಮತ್ತು ಮಠಗಳಾಚೆ ಈ ನಂಬುಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಎಳ್ಳಮಾವಾಸ್ಯೆಯಂದು. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಈ ಹಬ್ಬ ಕಲಬುರಗಿ, ಬೀದರ್ ಕಡೆಗೆ ವರ್ಷದ ದೊಡ್ಡ ಹಬ್ಬ. ಹಿಂಗಾರಿ ಜೋಳ ಇನ್ನೂ ಹಸಿರಾಗಿ ನಿಂತಿರುತ್ತದೆ. ಬೆಳೆ ಕೈಸೇರುವ ಖಾತ್ರಿ ಯಾರಿಗೂ ಇಲ್ಲ. ಆ ಹೊತ್ತಿನಲ್ಲಿಯೇ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹಲವು ಕಾಳು ಸೊಪ್ಪು ಕೂಡಿಸಿ ಮಾಡಿದ ಭಜ್ಜಿ, ಅಂಬಲಿ ಬುತ್ತಿಯಲ್ಲಿರುತ್ತವೆ. ಹೊಲದಲ್ಲಿ ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಎಡೆಯನ್ನು ಬೆಳೆಯ ಸುತ್ತ ಚೆಲ್ಲುತ್ತಾರೆ. ಇದು ಚರಗ. ಬಸುರಿ ಭೂತಾಯಿಗೆ ಬಯಕೆಯ ಊಟವೆಂಬ ಭಾವ ಅದರ ಹಿಂದಿದೆ. ಆಮೇಲೆ ಹೊಲವಿಲ್ಲದವರನ್ನೂ ದಾರಿಹೋಕರನ್ನೂ ಕರೆದು ಉಣಿಸುತ್ತಾರೆ.

ಕೊಯ್ಲಿನ ನಂತರದ ಹಬ್ಬಗಳು ಜಗತ್ತಿನೆಲ್ಲೆಡೆ ಇವೆ. ಅವು ಪಡೆದದ್ದಕ್ಕೆ ಸಲ್ಲಿಸುವ ಕೃತಜ್ಞತೆ. ಎಳ್ಳಮಾವಾಸ್ಯೆ ಇನ್ನೂ ಪಡೆಯದುದಕ್ಕೆ ಮೊದಲೇ ಸಲ್ಲುವ ಕೃತಜ್ಞತೆ. ಮುಂದೆ ನೆಟೆರೋಗ ಬರಲಿ, ಅಕಾಲ ಮಳೆ ಬರಲಿ, ಆ ಒಂದು ಮಧ್ಯಾಹ್ನದ ಊಟದ ಸಂತೋಷವನ್ನು ಅವು ಹಿಂದಕ್ಕೆ ಕಸಿಯಲಾರವು.

ರಾಶಿಯ ಕಣದಲ್ಲಿಯೂ ಇದೇ ಕ್ರಮವಿತ್ತು. ಹಂತಿ ಕಟ್ಟಿ ಎತ್ತು ತುಳಿಸುವ ರಾತ್ರಿಗಳಲ್ಲಿ ಹಂತಿಪದ ಹಾಡುತ್ತಿದ್ದರು. ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರು. ಕಾಳು ಮನೆಗೆ ಹೋಗುವ ಮುಂಚೆ ದೇವರಿಗೆ, ಜಂಗಮರಿಗೆ, ಆಯಗಾರರಿಗೆ, ಬೇಡಿಬಂದವರಿಗೆ ಪಾಲು ಹೋಗುತ್ತಿತ್ತು. ಯಂತ್ರ ಬಂದು ಹಂತಿ ಹೋಯಿತು. ಲಾಭವೆಂದು ಎಣಿಸುವ ರೂಢಿ ಕೆಲವೆಡೆ ಉಳಿದಿದೆ.

ವಿಮರ್ಶೆ ಮತ್ತು ಮಿತಿಗಳು

ದೇವರ ಮೇಲಿನ ಭರವಸೆ ಅನ್ಯಾಯವನ್ನು ಸಹಿಸಿಕೊಳ್ಳುವ ನೆಪವಾಗಬಾರದೆಂಬ ಆಕ್ಷೇಪ ಹಳೆಯದು ಮತ್ತು ನ್ಯಾಯವಾದದ್ದು. ಸಾಲದ ಶೂಲ, ಬೆಲೆ ಕುಸಿತ, ಜಾತಿಯ ಅವಮಾನ ದೈವದತ್ತವಲ್ಲ. ಅವುಗಳಿಗೆ ಮನುಷ್ಯರೇ ಕಾರಣ, ಮನುಷ್ಯರೇ ಪರಿಹಾರ ಹುಡುಕಬೇಕು. ಈ ಪರಂಪರೆಯೊಳಗಿನ ದನಿಗಳೇ ಅದನ್ನು ಹೇಳಿವೆ. ಕಾಯಕವಿಲ್ಲದ ಭಕ್ತಿಯನ್ನು ಶರಣರು ಒಪ್ಪಲಿಲ್ಲ, ಕುರುಡು ಆಚಾರವನ್ನು ಮಡಿವಾಳಪ್ಪ ಸಹಿಸಲಿಲ್ಲ.

ಮೈಮೇಲೆ ಗಾಳಿ ಬಂದಿದೆಯೆಂದು ನಂಬಿದವರನ್ನು ಗಾಣಗಾಪುರದಂಥ ಕ್ಷೇತ್ರಗಳಿಗೆ ಕರೆತರುವ ರೂಢಿಯಿದೆ. ಅವರಲ್ಲಿ ಚಿಕಿತ್ಸೆ ಬೇಕಾದ ಮನೋರೋಗಿಗಳೂ ಇರಬಹುದು. ದರ್ಶನದ ಜೊತೆಗೆ ವೈದ್ಯರ ನೆರವೂ ಸಿಗಬೇಕು. ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರತಂತ್ರಕ್ಕೆ ಒಪ್ಪಿಸುವಂಥ ಕೆಲವು ಪದ್ಧತಿಗಳನ್ನು ಕರ್ನಾಟಕ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ನಿರ್ಮೂಲನ ಕಾಯ್ದೆಯಲ್ಲಿ ಅಪರಾಧವೆಂದು ಸಾರಿದೆ.

ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 1988ರಲ್ಲಿ, ಕಷ್ಟ ಎದುರಾದಾಗ ಧಾರ್ಮಿಕರು ಹಿಡಿಯುವ ಮೂರು ದಾರಿಗಳನ್ನು ಗುರುತಿಸಿದರು. ಎಲ್ಲವನ್ನೂ ದೇವರಿಗೆ ಬಿಟ್ಟು ಸುಮ್ಮನಾಗುವುದು ಒಂದು. ದೇವರು ಕೊಟ್ಟ ಬಲದಿಂದ ತಾನೇ ಎಲ್ಲ ಮಾಡುವುದು ಇನ್ನೊಂದು. ದೇವರ ಜೊತೆಗೂಡಿ ದುಡಿಯುವುದು ಮೂರನೆಯದು. ಭಾರ ಹಾಕಿ ಕೂರಿಗೆ ಹಿಡಿಯುವ ರೈತ ಈ ಮೂರನೆಯ ದಾರಿಯವನು. ಬೈಬಲಿನಲ್ಲಿ ಪೌಲನು ಸೆರೆಯಲ್ಲಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರ ಸಂತೋಷದ ಮಾತಿನಿಂದ ತುಂಬಿರುವುದನ್ನೂ, ಶ್ರೀವೈಷ್ಣವರ ಶರಣಾಗತಿ ತತ್ವವನ್ನೂ ಇದರೊಂದಿಗೆ ಹೋಲಿಸಿ ನೋಡಬಹುದು.

ಇಂದಿನ ಸ್ಥಿತಿ

ತತ್ವಪದಗಳ ಸಂಗ್ರಹ ಮತ್ತು ಸಂಪಾದನೆ ಈಚಿನ ದಶಕಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಬೆಂಗಳೂರಿನ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ಈ ಕೆಲಸದಲ್ಲಿ ಮುಂದಾಯಿತು. ಭಜನಾ ಮಂಡಳಿಗಳ ಹಾಡುಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತಿವೆ. ಗುಳೆ ಹೋದವರು ಪರವೂರಿನ ಕಟ್ಟಡ ಕೆಲಸದ ಜಾಗದಲ್ಲಿಯೂ ಅವನ್ನು ಕೇಳುತ್ತಾರೆ. ಬೀಸುಕಲ್ಲು, ಹಂತಿ ಮರೆಯಾದಂತೆ ಅವುಗಳ ಹಾಡೂ ಬಾಯಿಂದ ಬಾಯಿಗೆ ಹೋಗುವುದು ನಿಲ್ಲುತ್ತಿದೆ. ಹಿರಿಯ ಹಾಡುಗಾರ್ತಿಯರು ಇರುವಾಗಲೇ ಅವನ್ನು ಧ್ವನಿಮುದ್ರಿಸಿಕೊಳ್ಳುವುದು ತುರ್ತಿನ ಕೆಲಸ.

ಆಚರಣೆಗಳು ಮಾತ್ರ ಗಟ್ಟಿಯಾಗಿ ನಿಂತಿವೆ. ಎಳ್ಳಮಾವಾಸ್ಯೆಯ ಹಿಂದಿನ ದಿನ ಕಲಬುರಗಿಯಿಂದ ಹಳ್ಳಿಗಳ ಕಡೆ ಹೊರಡುವ ಬಸ್ಸುಗಳು ತುಂಬಿರುತ್ತವೆ. ಹಿಂದಿನ ವರ್ಷ ಹೊಲ ಕೈಕೊಟ್ಟಿದ್ದರೂ ಈ ವರ್ಷದ ಚರಗ ತಪ್ಪುವುದಿಲ್ಲ. ನಿಂತ ಬೆಳೆಯ ನಡುವೆ ಮೊದಲ ತುತ್ತು ಭೂಮಿಗೆ, ಎರಡನೆಯದು ಬಂದವರಿಗೆ, ಉಳಿದದ್ದು ಮನೆಯವರಿಗೆ.